ಮುನಿಸಿಕೊಂಡ ದಾಳವನ್ನು ಒಲಿಸಿಕೊಳ್ಳುವುದು ಹೇಗೆ

ಜನವರಿಯ ಒಂದು ಭಾನುವಾರ ನಮ್ಮ ಕ್ಲೆರಿಕ್, ಅಂದರೆ ಆಟದೊಳಗಿನ ಪೂಜಾರಿ, ಸತ್ತುಹೋದ. ಹೊರಗೆ ಅಮೆರಿಕದ ಮಿಲ್ವಾಕಿಯ ಹಿಮ. ಒಳಗೆ ನಮ್ಮ ಮನೆಯ ಬೇಸ್‌ಮೆಂಟು, ಮೇಜಿನ ಸುತ್ತ ಐದು ಜನ ಆಟಗಾರರು. ಆರನೆಯವಳು ನಾನು, ಆಟ ನಡೆಸುವ ಡಿಎಂ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವುದು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಸೇರಿ ಕಥೆ ಕಟ್ಟುವ ಆಟ. ಅದರಲ್ಲಿ ನಿಮ್ಮ ಪಾತ್ರದ ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ, ಸೊನ್ನೆಗೆ ಇಳಿದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. 10 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಒಂದು ಗೆಲುವು. ಕಡಿಮೆ ಬಿದ್ದರೆ ಒಂದು ಸೋಲು. ಮೂರು ಸೋಲಾದರೆ ಮುಗಿಯಿತು. 1 ಬಿದ್ದರೆ ಅದೊಂದೇ ಎರಡು ಸೋಲಿನ ಲೆಕ್ಕ. ಮೊದಲ ಸಲ 6 ಬಿತ್ತು. ಎರಡನೇ ಸಲ 1.

ಯಾರೂ ಮಾತಾಡಲಿಲ್ಲ. ಆ ಪಾತ್ರವನ್ನು ಮೂರು ವರ್ಷದಿಂದ ಆಡುತ್ತಿದ್ದವರು ಶಾಲಾ ಬಸ್ ಓಡಿಸಿ ನಿವೃತ್ತರಾದ ಒಬ್ಬರು. ಅವರು ತಮ್ಮ ನೀಲಿ ದಾಳವನ್ನು ಎರಡು ಬೆರಳಲ್ಲಿ ಎತ್ತಿ, ಮೇಜಿನ ಮೂಲೆಯ ತಗಡಿನ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದರು. ಹನ್ನೊಂದು ವರ್ಷದ ನನ್ನ ಮಗಳು ಮೆಲ್ಲಗೆ ಕೇಳಿದಳು, "ಎಷ್ಟು ವಾರ?" "ನಾಲ್ಕು," ಅಂದರು. ಎದ್ದು ಹೋಗಿ ಕಾಫಿ ಬಗ್ಗಿಸಿಕೊಂಡು ಬಂದು ಕೂತರು. ಆಟ ಮುಂದುವರಿಯಿತು.

ಅದು ಕೈಕೊಟ್ಟ ದಾಳಗಳ ಜೈಲು. ಆ ಡಬ್ಬಿ ಇಲ್ಲದಿದ್ದರೆ ಆ ಸಂಜೆ ಬೇರೆ ಥರ ಮುಗಿಯುತ್ತಿತ್ತು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಒಂಬತ್ತು ವರ್ಷದಿಂದ ಈ ಮೇಜು ನಡೆಸುತ್ತಿದ್ದೇನೆ. ದಾಳದ ಸುತ್ತ ಇರುವ ನಂಬಿಕೆಗಳನ್ನು ಚೆನ್ನಾಗಿ ಪಾಲಿಸುವುದು ಹೇಗೆ ಅಂತ ಹೊಸಬರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು. ನನ್ನ ಮೊದಲ ದಾಳ ಹುಣಸೆ ಬೀಜ. ಅಜ್ಜಿ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡುತ್ತಿದ್ದರು. ನಾಲ್ಕು ಬೀಜ, ಐದಕ್ಕೈದು ಮನೆಯ ಚೌಕಾಬಾರ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಬಾರ, ಅಂದರೆ ಎಂಟು. ಅವರ ಬೀಜವನ್ನು ಕೇಳದೆ ಯಾರೂ ಮುಟ್ಟುವ ಹಾಗಿರಲಿಲ್ಲ. ಸುಮ್ನೆ ಕೈಯಲ್ಲಿ ಕುಲುಕುತ್ತಾ ಕೂತರೆ "ಗರ ಎಲ್ಲ ಸೋರಿಹೋಗುತ್ತೆ, ಇಡೇ ಕೆಳಗೆ" ಅನ್ನುತ್ತಿದ್ದರು. ಇಲ್ಲಿಗೆ ಬಂದು ಮೊದಲ ಸಲ ಡಿ20, ಅಂದರೆ ಇಪ್ಪತ್ತು ಮುಖದ ದಾಳ, ಕೈಗೆ ತೆಗೆದುಕೊಂಡು ಆಡಿಸುತ್ತಾ ಕೂತಿದ್ದೆ. ಪಕ್ಕದಲ್ಲಿದ್ದವರು, ಆಟ ಶುರುವಾಗುವ ಮುಂಚೆ ಉರುಳಿಸಬೇಡ, ಒಳ್ಳೇ ಅಂಕಿಗಳು ಖರ್ಚಾಗಿಬಿಡುತ್ತವೆ ಅಂದರು. ಅಜ್ಜಿಯೇ ಬಂದು ಗದರಿದ ಹಾಗಾಯಿತು.

ದಾಳದ ಪರಿಚಯ

ಒಂದು ಸೆಟ್ಟಿನಲ್ಲಿ ಏಳು ದಾಳ. 4, 6, 8, 12, 20 ಮುಖದವು ಒಂದೊಂದು, 10 ಮುಖದವು ಎರಡು. ಎರಡನೇದರ ಮೇಲೆ 00ರಿಂದ 90ರವರೆಗೆ ಹತ್ತುಗಳು ಇರುತ್ತವೆ. ನಂಬಿಕೆಗಳೆಲ್ಲ ಹೆಚ್ಚಾಗಿ ಡಿ20ಯ ಸುತ್ತಲೇ. ಕತ್ತಿ ತಾಕಿತಾ, ಬೀಗ ತೆರೆಯಿತಾ, ವಿಷ ತಡೆದುಕೊಂಡೆಯಾ ಅನ್ನುವುದನ್ನೆಲ್ಲ ಅದೇ ಹೇಳುತ್ತದೆ. ಒಳ್ಳೆಯ ಡಿ20ಯಲ್ಲಿ ಎದುರುಬದುರು ಮುಖಗಳನ್ನು ಕೂಡಿದರೆ 21 ಬರಬೇಕು. 20ರ ಬೆನ್ನಿಗೆ 1 ಇರುತ್ತದೆ. ಕೆಲವು ಕಾರ್ಡ್ ಆಟಗಳ ಜೊತೆ ಬರುವ ಕೆಲವು ಡಿ20ಗಳಲ್ಲಿ 20, 19, 18 ಅಕ್ಕಪಕ್ಕದಲ್ಲೇ ಇರುತ್ತವೆ. ಅವು ಎಣಿಸುವುದಕ್ಕೆ ಮಾಡಿದವು, ಉರುಳಿಸುವುದಕ್ಕೆ ತರಬೇಡಿ.

ದಾಳಕ್ಕೆ ಸ್ವಭಾವ ಇದೆ ಅನ್ನುವ ಮಾತು ಹುಟ್ಟಿದ್ದಕ್ಕೆ ಒಂದು ನಿಜವಾದ ಕಾರಣವೂ ಇದೆ. ಈ ಆಟವನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ 1974ರಲ್ಲಿ ಹೊರತಂದರು. ಗೈಗ್ಯಾಕ್ಸ್ ಅವರ ಊರು ಲೇಕ್ ಜಿನೀವಾ, ನಮ್ಮ ಮನೆಯಿಂದ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಆ ಕಾಲದ ದಾಳಗಳ ಪ್ಲಾಸ್ಟಿಕ್ ತುಂಬ ಮೆತ್ತಗೆ. ಆಡುತ್ತಾ ಆಡುತ್ತಾ ಮೂಲೆ ಸವೆದು ಗೋಲಿಯ ಹಾಗಾಗುತ್ತಿದ್ದವು. ಅಂಕಿಗಳಿಗೆ ಬಣ್ಣವೂ ಇರುತ್ತಿರಲಿಲ್ಲ. ಮುಂದೆ ಬಂದ ಕೆಲವು ಆಟದ ಡಬ್ಬಿಗಳಲ್ಲಿ ಒಂದು ಮೇಣದ ಕ್ರೇಯಾನ್ ಕೊಡುತ್ತಿದ್ದರು. ಅದನ್ನು ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಅಂಕಿ ಕಾಣುವ ಹಾಗೆ ಮಾಡಿಕೊಳ್ಳಬೇಕಿತ್ತು. ನಮ್ಮ ಬಸ್ ಡ್ರೈವರ್ ಬಳಿ ಅಂಥದೊಂದು ಇದೆ, ಹನ್ನೆರಡನೇ ವಯಸ್ಸಿನಲ್ಲಿ ತಾವೇ ಬಣ್ಣ ತುಂಬಿದ್ದು. ಮೂಲೆ ಸವೆದಂತೆ ಅದು ಉರುಳುವ ರೀತಿಯೇ ಬದಲಾಯಿತು ಅನ್ನುತ್ತಾರೆ. ಕೈಯಾರೆ ಬಣ್ಣ ಹಚ್ಚಿದ ವಸ್ತು ಕಣ್ಣೆದುರಿಗೇ ಬದಲಾಗುತ್ತಾ ಹೋದರೆ ಅದಕ್ಕೊಂದು ಮನಸ್ಸಿದೆ ಅಂತ ಮಗುವಿಗೆ ಅನ್ನಿಸುತ್ತದೆ, ಅಲ್ವಾ?

ಬೋಣಿ

ಹೊಸ ದಾಳದ ಮೊದಲ ಗರವನ್ನು ಅಂಗಡಿಯ ಕೌಂಟರಿನ ಮೇಲೆ ಹಾಕಬೇಡಿ. ಅದು ಬೋಣಿ. ಮೇಜಿಗೆ ತನ್ನಿ, ಎಲ್ಲರ ಎದುರಿಗೆ ಹಾಕಿ. ನಮ್ಮಲ್ಲಿ 20 ಬಿದ್ದರೆ ಚಪ್ಪಾಳೆ. 1 ಬಿದ್ದರೂ ಚಪ್ಪಾಳೆ, ಕೆಟ್ಟದ್ದು ಮೊದಲೇ ಹೊರಗೆ ಹೋಯಿತು ಅಂತ. ಮೊದಲ ದಿನ ಬಂದವರು ಸಪ್ಪೆ ಮುಖ ಮಾಡಿಕೊಂಡು ಮನೆಗೆ ಹೋಗಬಾರದು.

ಆಟದ ನಡುವೆ ದಾಳವನ್ನು ಹೇಗೆ ಇಡಬೇಕು ಅನ್ನುವುದರಲ್ಲಿ ಎರಡು ಪಂಗಡ ಇವೆ. ಒಬ್ಬರು 20 ಮೇಲಿರಲಿ, ದಾಳಕ್ಕೆ ಅಭ್ಯಾಸ ಆಗಲಿ ಅನ್ನುತ್ತಾರೆ. ಇನ್ನೊಬ್ಬರು 1 ಮೇಲಿರಲಿ, ಅದು ಅಲ್ಲೇ ಕೂತು ಖರ್ಚಾಗಲಿ ಅನ್ನುತ್ತಾರೆ. ಗಟ್ಟಿ ಪ್ಲಾಸ್ಟಿಕ್ಕಿನ ಒಳಗೆ ಭಾರ ಜಾರಿ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ನಿಮಗೆ ಇಷ್ಟವಾದ ಪಂಗಡ ಸೇರಿ, ಆದರೆ ಸೇರಿದ ಮೇಲೆ ಬಿಡಬೇಡಿ. ಏಳು ದಾಳ ಸಾಲಾಗಿ ಇಟ್ಟು ಒಂದೊಂದನ್ನೂ ಸರಿಯಾದ ಮುಖಕ್ಕೆ ತಿರುಗಿಸುವುದಕ್ಕೆ ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷದಲ್ಲಿ ಫೋನು ಜೇಬಿಗೆ ಹೋಗುತ್ತದೆ, ಆಫೀಸಿನ ಮಾತು ನಿಲ್ಲುತ್ತದೆ. ಕೊನೆಯ ದಾಳ ಕೂತಮೇಲೆಯೇ ನಾನು ಕಥೆ ಶುರು ಮಾಡುವುದು. ನೀವು ಡಿಎಂ ಆಗಿದ್ದರೆ ಇದನ್ನು ಮಾಡಿ ನೋಡಿ. "ದಯವಿಟ್ಟು ಗಮನ ಕೊಡಿ" ಅಂತ ಕೂಗಬೇಕಾಗುವುದೇ ಇಲ್ಲ.

ಕೈಗುಣ

ಜೇಮ್ಸ್ ಹೆನ್ಸ್‌ಲಿನ್ ಅನ್ನುವ ಸಮಾಜಶಾಸ್ತ್ರಜ್ಞರು ಸೇಂಟ್ ಲೂಯಿಸ್ ನಗರದಲ್ಲಿ ಟ್ಯಾಕ್ಸಿ ಡ್ರೈವರ್‌ಗಳ ಜೂಜಾಟ ಗಮನಿಸಿ 1967ರಲ್ಲಿ ಬರೆದರು. ಸಣ್ಣ ಅಂಕಿ ಬೇಕಾದಾಗ ಅವರು ದಾಳವನ್ನು ಮೆತ್ತಗೆ ಬಿಡುತ್ತಿದ್ದರಂತೆ, ದೊಡ್ಡದು ಬೇಕಾದಾಗ ಜೋರಾಗಿ ಎಸೆಯುತ್ತಿದ್ದರಂತೆ. ನಿಮ್ಮ ಮೇಜನ್ನು ಒಂದು ಸಂಜೆ ನೋಡಿ, ಇದೇ ಕಾಣುತ್ತದೆ. ನನ್ನ ಮಗಳು ಡಿ4 ಉರುಳಿಸುವಾಗ ಮೊಟ್ಟೆ ಇಟ್ಟ ಹಾಗೆ ಇಡುತ್ತಾಳೆ. ಡಿ20 ಬಂದರೆ ಕೈ ಭುಜದ ತನಕ ಹೋಗುತ್ತದೆ.

ಊದುವುದು, ಬೆಚ್ಚಗೆ ಅಂಗೈಯಲ್ಲಿ ಮುಚ್ಚಿಕೊಳ್ಳುವುದು, ಹೆಸರಿಟ್ಟು ಕರೆಯುವುದು, ಎಲ್ಲ ಸರಿ. ಒಂದು ಕೆಲಸ ಮಾತ್ರ ಮೊದಲೇ ಮಾಡಿಕೊಳ್ಳಿ. ದಾಳ ಪುಸ್ತಕಕ್ಕೆ ಒರಗಿ ಓರೆಯಾಗಿ ನಿಂತರೆ ಏನು, ನೆಲಕ್ಕೆ ಬಿದ್ದರೆ ಏನು ಅಂತ ಆಟಕ್ಕೆ ಮುಂಚೆ ತೀರ್ಮಾನಿಸಿ. ನಮ್ಮಲ್ಲಿ ಓರೆ ನಿಂತದ್ದೂ ನೆಲಕ್ಕೆ ಬಿದ್ದದ್ದೂ ಲೆಕ್ಕಕ್ಕಿಲ್ಲ, ಎಷ್ಟೇ ಒಳ್ಳೆಯದು ಬಿದ್ದಿದ್ದರೂ ಮತ್ತೆ ಹಾಕಬೇಕು. ಅಂಕಿ ನೋಡಿದ ಮೇಲೆ ಕಾನೂನು ಹುಡುಕುವುದಕ್ಕೆ ಹೋದರೆ ಜಗಳ ಖಂಡಿತ.

ಕೈಯ ಮೇಲೇ ಅನುಮಾನ ಬಂದರೆ ಡೈಸ್ ಟವರ್ ತನ್ನಿ. ಮೇಲಿಂದ ದಾಳ ಹಾಕಿದರೆ ಒಳಗಿನ ಮೆಟ್ಟಿಲುಗಳಿಗೆ ಬಡಿದು ಉರುಳಿ ಕೆಳಗೆ ಬರುತ್ತದೆ. ಇದು ಹೊಸ ಐಡಿಯಾ ಅಲ್ಲ. 1985ರಲ್ಲಿ ಜರ್ಮನಿಯ ಫ್ರೋಯಿಟ್ಸ್‌ಹೈಮ್ ಬಳಿ ನಾಲ್ಕನೇ ಶತಮಾನದ ರೋಮನ್ ಡೈಸ್ ಟವರ್ ಒಂದು ಸಿಕ್ಕಿತು. ತಾಮ್ರದ ತಗಡಿನದು. ಪಿಕ್ಟರು (ಈಗಿನ ಸ್ಕಾಟ್ಲೆಂಡಿನ ಕಡೆಯ ಜನ, ರೋಮನ್ನರ ಶತ್ರುಗಳು) ಸೋತರು, ಶತ್ರು ನಾಶವಾದ, ನೆಮ್ಮದಿಯಾಗಿ ಆಡಿ ಅನ್ನುವ ಅರ್ಥದ ಲ್ಯಾಟಿನ್ ಸಾಲು ಅದರ ಮೇಲಿದೆ. ಗಡಿಯಲ್ಲಿ ಯುದ್ಧ ಮುಗಿಸಿ ಬಂದವರೂ ದಾಳದ ಮುಂದೆ ಕೂತು ಕೈಯ ಮೋಸಕ್ಕೆ ಹೆದರಿದ್ದರು ಅಂತ ನೆನೆದರೆ ನನಗೆ ಅವರು ತುಂಬ ಹತ್ತಿರದವರು ಅನ್ನಿಸುತ್ತದೆ.

ಬೇರೆಯವರ ದಾಳ ಮುಟ್ಟುವ ಮುಂಚೆ ಕೇಳಿ. ಕೆಲವರಿಗೆ ಇದು ಬಹಳ ದೊಡ್ಡ ವಿಷಯ, ಇನ್ನು ಕೆಲವರು ಕೈಗೇ ಕೊಟ್ಟುಬಿಡುತ್ತಾರೆ. ಕೇಳಿದರೆ ಇಬ್ಬರಿಗೂ ಸಮಾಧಾನ. ಮಹತ್ವದ ಗರ ಇದ್ದಾಗ ಕೈಗುಣ ಚೆನ್ನಾಗಿರುವವರ ಹತ್ತಿರ ಹಾಕಿಸುವುದೂ ಉಂಟು. ನಮ್ಮ ಬೇಸ್‌ಮೆಂಟಿನಲ್ಲಿ ಆ ಹೆಸರು ನನ್ನ ಮಗಳದು. ಡ್ರ್ಯಾಗನ್ ಎದುರು ನಿಂತಾಗ ಐವತ್ತು ದಾಟಿದ ಗಂಡಸರು ಕೂಡ ಅವಳ ಮುಂದೆ ದಾಳ ಚಾಚುತ್ತಾರೆ.

ಇಲ್ಲಿ ನಾನು ಒಂದು ವಿಷಯದಲ್ಲಿ ಗಟ್ಟಿ. ಕೈಗುಣ ಹೊಗಳುವುದಕ್ಕೆ ಮಾತ್ರ. ನೀನು ಪಕ್ಕದಲ್ಲಿ ಕೂತದ್ದಕ್ಕೇ ನನ್ನ ಗರ ಕೆಟ್ಟಿತು ಅನ್ನುವ ಮಾತು ನನ್ನ ಮೇಜಿನಲ್ಲಿ ಇಲ್ಲ. ಹಿಂದೆ ನಾನು ಆಡುತ್ತಿದ್ದ ಇನ್ನೊಂದು ಮೇಜಿಗೆ ಒಬ್ಬ ಹುಡುಗಿ ಹೊಸದಾಗಿ ಬಂದಳು. ಆ ಸಂಜೆ ಎಲ್ಲರಿಗೂ ಸಣ್ಣ ಅಂಕಿಗಳೇ ಬಿದ್ದವು. ಯಾರೋ ನಗುತ್ತಲೇ ಅವಳ ಕುರ್ಚಿಯನ್ನು ದೂರ ಹಾಕಿದರು. ಮುಂದಿನ ವಾರ ಮತ್ತೆ ಅದೇ. ಮೂರನೇ ವಾರ ಅವಳು ಬರಲಿಲ್ಲ. ಹೊಸ ಸೊಸೆ ಮನೆಗೆ ಕಾಲಿಟ್ಟ ತಿಂಗಳು ಹಸು ಸತ್ತರೂ ಅವಳ ಕಾಲ್ಗುಣ ಅನ್ನುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ದಿನ ನಾನು ಸುಮ್ಮನೆ ಕೂತಿದ್ದೆ, ಅದು ಇವತ್ತಿಗೂ ಚುಚ್ಚುತ್ತದೆ. ಅದಕ್ಕೇ ಹೇಳುತ್ತೇನೆ, ಬೈಯಬೇಕಾದರೆ ದಾಳವನ್ನು ಬೈಯಿರಿ. ದಾಳಕ್ಕೆ ನೋವಾಗುವುದಿಲ್ಲ.

ಜೈಲು

ಡೈಸ್ ಜೈಲ್ ಅಂತ ಪುಟ್ಟ ಪಂಜರಗಳು ಅಂಗಡಿಯಲ್ಲೇ ಸಿಗುತ್ತವೆ. ನಮ್ಮದು ಹಳೇ ಬಿಸ್ಕತ್ತಿನ ಡಬ್ಬಿ. ಮುಚ್ಚಳ ಬಿಗಿಯಾಗಿರಬೇಕು, ಹಾಕುವಾಗ ಟಕ್ ಅಂತ ಸದ್ದು ಬರಬೇಕು. ಆ ಸದ್ದು ಮುಖ್ಯ.

ಯಾವಾಗ ಹಾಕಬೇಕು? ಒಂದು ಸಲ 1 ಬಿದ್ದ ಮಾತ್ರಕ್ಕೆ ಹಾಕಬೇಡಿ. ಅದು ಸರಾಸರಿ 20ರಲ್ಲಿ ಒಂದು ಸಲ ಬೀಳುವಂಥದ್ದೇ. ನಮ್ಮ ಕಾನೂನು ಹೀಗಿದೆ: ಒಂದರ ಹಿಂದೊಂದು ಎರಡು 1 ಬೀಳಬೇಕು, ಅಂದರೆ 400ರಲ್ಲಿ ಒಂದು ಸಲ ಆಗುವಂಥದ್ದು. ಇಲ್ಲವೇ ಆ ಗರದಿಂದ ಒಂದು ಪಾತ್ರ ಸಾಯಬೇಕು. ತೀರ್ಪು ಕೊಡುವವರು ದಾಳದ ಒಡೆಯರು ಮಾತ್ರ. ಬೇರೆಯವರು ದಾಳದ ಪರವಾಗಿ ವಕಾಲತ್ತು ವಹಿಸಬಹುದು. "ಹೋದ ತಿಂಗಳು ಸೇತುವೆಯ ಮೇಲೆ ನಮ್ಮನ್ನೆಲ್ಲ ಉಳಿಸಿದ್ದು ಇದೇ ಅಲ್ವಾ?" ಅಂತ. ಈ ವಾದ ನನಗೆ ತುಂಬ ಇಷ್ಟ. ಮೂರು ವರ್ಷದ ಹಿಂದಿನ ಗರ ಕೂಡ ಹೊರಗೆ ಬರುತ್ತದೆ, ಮರೆತುಹೋದ ಕಥೆ ಮತ್ತೆ ಮೇಜಿಗೆ ಬರುತ್ತದೆ. ಆದರೆ ಒಂದು ನಿಮಿಷ ದಾಟಬಾರದು, ಬೇರೆಯವರ ಸರದಿಯ ನಡುವೆ ಕೋರ್ಟು ಕೂರಬಾರದು.

ಶಿಕ್ಷೆಯ ಅವಧಿಯನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿ. ಚೀಟಿಯಲ್ಲಿ ತಾರೀಖು ಬರೆದು ಮುಚ್ಚಳಕ್ಕೆ ಅಂಟಿಸಿ. ಡಿಎಂ ಒಂದು ಬಟ್ಟಲಿನಲ್ಲಿ ಸಾಲ ಕೊಡುವ ದಾಳಗಳನ್ನು ಇಟ್ಟಿರಬೇಕು, ಯಾರ ಆಟವೂ ನಿಲ್ಲಬಾರದು. ನನ್ನ ದಾಳಕ್ಕೂ ಇದೇ ಕಾನೂನು. ಅದು ಒಂದೇ ಸಂಜೆ ಒಬ್ಬರ ಮೇಲೆ ಮೂರು ಸಲ 20 ಬಿದ್ದರೆ ಅವರು ಕೇಳುವ ಮುಂಚೆಯೇ ನಾನು ಡಬ್ಬಿಗೆ ಹಾಕುತ್ತೇನೆ.

ಒಂದು ಲೆಕ್ಕ ತಿಳಿದುಕೊಂಡರೆ ಒಳ್ಳೆಯದು. ಒಂದು ಸಂಜೆ ನೀವು 30 ಸಲ ಡಿ20 ಉರುಳಿಸಿದರೆ ಒಂದೂ 20 ಬೀಳದೇ ಇರುವ ಸಾಧ್ಯತೆ ಸುಮಾರು ಶೇಕಡ 21. ಐದು ಜನ ಆಟಗಾರರು ಇದ್ದರೆ, ಅವರಲ್ಲಿ ಒಬ್ಬರಾದರೂ 20 ನೋಡದೆ ಮನೆಗೆ ಹೋಗುವ ಸಾಧ್ಯತೆ ಸುಮಾರು ಶೇಕಡ 70. ಅಂದರೆ ಹೆಚ್ಚುಕಡಿಮೆ ಪ್ರತಿ ಭಾನುವಾರ ಯಾರದೋ ಒಂದು ದಾಳ ಮುನಿಸಿಕೊಂಡೇ ಇರುತ್ತದೆ. ಇದನ್ನು ಹೇಳಿದ ಮೇಲೂ ನಮ್ಮವರು ಡಬ್ಬಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಲೆಕ್ಕ ಗೊತ್ತಿದ್ದರೂ ಬೇಜಾರು ಆಗೇ ಆಗುತ್ತದೆ. ಅದನ್ನು ಇಡುವುದಕ್ಕೆ ಒಂದು ಜಾಗ ಬೇಕು.

ಉಪ್ಪುನೀರು

ಕೆಲವು ಸಲ ದಾಳದಲ್ಲೇ ದೋಷ ಇರುತ್ತದೆ. ಅಚ್ಚಿನಲ್ಲಿ ಎರೆಯುವಾಗ ಒಳಗೆ ಗಾಳಿಗುಳ್ಳೆ ಉಳಿದರೆ ಒಂದು ಕಡೆ ಹಗುರವಾಗುತ್ತದೆ. ಗೇಮ್‌ಸೈನ್ಸ್ ಕಂಪನಿಯ ಲೂ ಜೋಕಿ ಇನ್ನೊಂದು ಮಾತು ಹೇಳುತ್ತಿದ್ದರು: ನುಣುಪು ಮಾಡಲು ದಾಳಗಳನ್ನು ಒಟ್ಟಿಗೆ ಹಾಕಿ ಉಜ್ಜಿಸಿದರೆ ಅಂಚುಗಳು ಒಂದೇ ಸಮ ಸವೆಯುವುದಿಲ್ಲ ಅಂತ. ಅದಕ್ಕೇ ಅವರ ದಾಳಗಳ ಅಂಚು ಚೂಪು.

ಗಾಳಿಗುಳ್ಳೆ ಹುಡುಕುವುದು ಸುಲಭ. 200 ಮಿಲಿ ಬಿಸಿನೀರು ತೆಗೆದುಕೊಳ್ಳಿ. ನಾಲ್ಕು ದೊಡ್ಡ ಚಮಚ, ಅಂದರೆ ಸುಮಾರು 70 ಗ್ರಾಂ ಉಪ್ಪು ಹಾಕಿ ಕದಡಿ. ತಳದಲ್ಲಿ ಸ್ವಲ್ಪ ಉಪ್ಪು ಕರಗದೆ ಉಳಿದರೆ ಸಾಕಷ್ಟಾಯಿತು ಅಂತ ಅರ್ಥ. ನೀರು ಆರಲಿ. ಅಂಥ ನೀರಿನ ಸಾಂದ್ರತೆ 1.2ರ ಹತ್ತಿರ, ಅಕ್ರಿಲಿಕ್ಕಿನದು 1.18ರ ಆಸುಪಾಸು. ಕೂದಲೆಳೆಯ ಅಂತರ, ಹಾಗಾಗಿ ಉಪ್ಪಿನಲ್ಲಿ ಜಿಪುಣತನ ಬೇಡ. ದಾಳ ತೇಲಿದ ಮೇಲೆ ಬೆರಳಿನಿಂದ ತಿರುಗಿಸಿ ಬಿಡಿ, ಮೇಲೆ ಬಂದ ಅಂಕಿ ಬರೆದುಕೊಳ್ಳಿ. ಹತ್ತು ಹನ್ನೆರಡು ಸಲ ಮಾಡಿ. ಅದೇ ಅಂಕಿ ಅಥವಾ ಅದರ ಪಕ್ಕದವೇ ಮೇಲೆ ಬರುತ್ತಿದ್ದರೆ ಆ ಕಡೆ ಟೊಳ್ಳು ಇದೆ. ಲೋಹದ್ದು, ಕಲ್ಲಿನದು ತೇಲುವುದಿಲ್ಲ. ಮುಗಿದ ಮೇಲೆ ದಾಳವನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ.

ನೀಲಿ ದಾಳ ಜೈಲಿನಲ್ಲಿದ್ದ ಎರಡನೇ ವಾರ, ಒಡೆಯರ ಒಪ್ಪಿಗೆ ಪಡೆದು ಈ ಪರೀಕ್ಷೆ ಮಾಡಿದೆವು. ಉಪ್ಪು ಅಳೆಯುವಾಗ ಮಗಳಿಗೆ ಅಜ್ಜಿಮನೆ ನೆನಪಾಯಿತು. ಊರಿಗೆ ಹೋದಾಗಲೆಲ್ಲ ನನ್ನಮ್ಮ ಉಪ್ಪು ಹಿಡಿದು ಅವಳಿಗೆ ದೃಷ್ಟಿ ತೆಗೆದು, ಆ ಉಪ್ಪನ್ನು ನೀರಿಗೆ ಹಾಕುತ್ತಾರೆ. ಅವಳು ಹಿಡಿ ಉಪ್ಪನ್ನು ದಾಳದ ಸುತ್ತ ಮೂರು ಸಲ ನಿವಾಳಿಸಿ ಆಮೇಲೆ ಲೋಟಕ್ಕೆ ಸುರಿದಳು. ಬಸ್ ಡ್ರೈವರ್ ಟೋಪಿ ತೆಗೆದು ನಿಂತಿದ್ದರು. ಹನ್ನೆರಡು ಸಲ ತಿರುಗಿಸಿದೆವು, ಬೇರೆ ಬೇರೆ ಮುಖಗಳೇ ಬಂದವು.

ತೇಲಿಸಿ ನೋಡುವುದರಿಂದ ಆಕಾರದ ದೋಷ ಗೊತ್ತಾಗುವುದಿಲ್ಲ. ಅದಕ್ಕೆ 200 ಸಲ ಉರುಳಿಸಬೇಕು. ಪ್ರತಿ ಅಂಕಿ ಸುಮಾರು 10 ಸಲ ಬೀಳಬೇಕು. ಒಂದೊಂದು ಅಂಕಿ ಬಿದ್ದ ಸಂಖ್ಯೆಗೂ 10ಕ್ಕೂ ಇರುವ ವ್ಯತ್ಯಾಸ ತೆಗೆದು, ಅದನ್ನು ಅದರಿಂದಲೇ ಗುಣಿಸಿ. ಇಪ್ಪತ್ತೂ ಉತ್ತರ ಕೂಡಿ 10ರಿಂದ ಭಾಗಿಸಿ. ಬಂದದ್ದು 30.14 ದಾಟಿದರೆ ಅನುಮಾನ ಪಡಿ. ಒಳ್ಳೆಯ ದಾಳ ಅಷ್ಟು ದಾಟುವುದು 100ರಲ್ಲಿ ಸುಮಾರು ಐದು ಸಲ ಮಾತ್ರ. ನೀಲಿ ದಾಳಕ್ಕೆ 17.4 ಬಂತು. 1 ಬಿದ್ದದ್ದು ಎಂಟೇ ಸಲ. ಅದರ ತಪ್ಪೇನೂ ಇರಲಿಲ್ಲ. ಹಾಗಾದರೆ ಬಿಟ್ಟುಬಿಡೋಣವಾ ಅಂತ ಕೇಳಿದೆ. ಅವರು ತಲೆ ಅಲ್ಲಾಡಿಸಿ ಮತ್ತೆ ಡಬ್ಬಿಗೆ ಹಾಕಿದರು. ಇನ್ನೂ ಎರಡು ವಾರ ಬಾಕಿ ಇತ್ತು.

ಪರೀಕ್ಷೆಯಲ್ಲಿ ಸೋತ ದಾಳ ಸಿಕ್ಕರೆ ಏನು ಮಾಡಬೇಕು? ಕೆಲವರು ಉಳಿದ ದಾಳಗಳ ಎದುರಿಗೆ ಸುತ್ತಿಗೆಯಲ್ಲಿ ಒಡೆಯುತ್ತಾರೆ, ಮೈಕ್ರೋವೇವಿನಲ್ಲಿ ಕರಗಿಸುತ್ತಾರೆ, ಬೇರೆಯವಕ್ಕೆ ಬುದ್ಧಿ ಬರಲಿ ಅಂತ. ಮಾಡಬೇಡಿ. ಚೂರು ಕಣ್ಣಿಗೆ ಹಾರುತ್ತದೆ, ಪ್ಲಾಸ್ಟಿಕ್ ಹೊಗೆ ಅಡುಗೆಮನೆ ತುಂಬುತ್ತದೆ. ಇಷ್ಟು ವರ್ಷ ಜೊತೆಗಿದ್ದ ವಸ್ತುವನ್ನು ಹಾಗೆ ಕಳಿಸುವುದು ನನಗೆ ಸರಿ ಕಾಣುವುದೂ ಇಲ್ಲ. ನಮ್ಮ ಕಿಟಕಿಯ ಪಕ್ಕ ಕರಿಬೇವಿನ ಗಿಡ ಇದೆ, ಆ ಕುಂಡದಲ್ಲಿ ನಿವೃತ್ತ ದಾಳಗಳು ನಾಲ್ಕಿವೆ. ನೀರು ಹಾಕುವಾಗ ಥಳಥಳ ಅನ್ನುತ್ತವೆ.

ಬಿಡುಗಡೆ

ಜೈಲಿನಿಂದ ಬಂದ ದಾಳವನ್ನು ನೇರವಾಗಿ ಯುದ್ಧಕ್ಕೆ ಹಾಕಬೇಡಿ. ಮೊದಲ ಗರ ಸಣ್ಣದಿರಲಿ, ಸೋತರೂ ಯಾರಿಗೂ ಏನೂ ಆಗಬಾರದು, ಗೆದ್ದರೆ ಎಲ್ಲರಿಗೂ ಖುಷಿಯಾಗಬೇಕು. ಅಂಥ ಗರವನ್ನು ಹುಡುಕಿಡುವುದು ಡಿಎಂ ಕೆಲಸ. ಎಷ್ಟು ಬಿದ್ದರೆ ಗೆಲುವು ಅನ್ನುವುದನ್ನು ಮುಂಚೆಯೇ ಚೀಟಿಯಲ್ಲಿ ಬರೆದು ಮಡಚಿಡಿ. ಆಮೇಲೆ ಬದಲಾಯಿಸುವ ಆಸೆ ಬರುತ್ತದೆ.

ಫೆಬ್ರವರಿಯಲ್ಲಿ ನೀಲಿ ದಾಳದ ನಾಲ್ಕು ವಾರ ಮುಗಿಯಿತು. ಬಸ್ ಡ್ರೈವರ್ ಅಷ್ಟೊತ್ತಿಗೆ ಹೊಸ ಪಾತ್ರ ಮಾಡಿಕೊಂಡಿದ್ದರು, ಕಾಡು ಬಲ್ಲ ರೇಂಜರ್ ಒಬ್ಬಳು. ಕಥೆಯಲ್ಲಿ ಎಲ್ಲರೂ ಹಳೆಯ ಛತ್ರಕ್ಕೆ ವಾಪಸ್ ಬಂದಿದ್ದರು. ಅಲ್ಲೊಂದು ನಾಯಿ ಇದೆ. ಸತ್ತುಹೋದ ಕ್ಲೆರಿಕ್ ಪ್ರತಿ ಸಲ ಅದಕ್ಕೆ ರೊಟ್ಟಿ ಹಾಕುತ್ತಿದ್ದ. ಅವನ ಜೋಳಿಗೆ ಈಗ ರೇಂಜರ್ ಹೆಗಲ ಮೇಲಿತ್ತು. ನಾಯಿ ಬಾಗಿಲಲ್ಲೇ ನಿಂತು ನೋಡುತ್ತಿದೆ, ಹತ್ತಿರ ಬರುತ್ತದಾ, ಹಾಕಿ ಅಂದೆ.

ಅವರು ಮುಚ್ಚಳ ತೆಗೆದರು. ದಾಳವನ್ನು ಎರಡೂ ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತರು. ಊದಲಿಲ್ಲ, ಮೆತ್ತಗೆ ಬಿಟ್ಟರು. 9 ಬಿತ್ತು. ಮಗಳು ಚೀಟಿ ಬಿಚ್ಚಿದಳು. ನಾನು ಬರೆದಿದ್ದದ್ದು 8. ನಾಯಿ ಬಂದು ಜೋಳಿಗೆಗೆ ಮೂಗು ಹಚ್ಚಿತು.